ಡಬ್ಬಿಯ ಮೇಲಿನ ಅಂಕಿ ನಂಬಿ ಆಸಿಲೋಸ್ಕೋಪ್ ಕೊಳ್ಳಬೇಡಿ

ಶಲವಡಿ ಕಡೆಯ ರೈತರೊಬ್ಬರು ಅದೇ ಕಂಟ್ರೋಲರನ್ನು ಮೂರನೇ ಸಲ ಬೈಕಿಗೆ ಕಟ್ಟಿಕೊಂಡು ನವಲಗುಂದದ ನನ್ನ ರಿಪೇರಿ ಅಂಗಡಿಗೆ ಬಂದ ದಿನವನ್ನು ನಾನು ಮರೆತಿಲ್ಲ. ಕೃಷಿಹೊಂಡದಿಂದ ಉಳ್ಳಾಗಡ್ಡಿಗೆ ನೀರು ಹಾಯಿಸುವ ಸೋಲಾರ್ ಪಂಪಿನ ಕಂಟ್ರೋಲರ್ ಅದು. ಎರಡು ಸಲ ಅದರೊಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಬದಲಿಸಿ ಕೊಟ್ಟಿದ್ದೆ; ಎರಡು ಸಲವೂ ವಾರ ತುಂಬುವ ಮೊದಲೇ ಸುಟ್ಟಿತ್ತು. ಅವರು ಸಿಟ್ಟಾಗಲಿಲ್ಲ. "ತಮ್ಮಾ, ಗಡ್ಡಿ ಕಟ್ಟೂ ಹೊತ್ತಿದು. ಈಗ ನೀರ ತಪ್ಪಿದ್ರ ಬೆಳಿ ಕೈಬಿಟ್ಟು ಹೋಗ್ತೈತಿ. ಖರೇ ಏನಾಗೇತಿ ಅಷ್ಟ ಹೇಳು" ಎಂದರು.

ಖರೇ ಏನಾಗಿದೆ ಎಂದು ನೋಡಲು ಆಗ ನನ್ನ ಬಳಿ ಇದ್ದದ್ದು ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ, ಅಂಗೈ ಅಗಲದ ಒಂದು ಡಿಜಿಟಲ್ ಆಸಿಲೋಸ್ಕೋಪ್. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್ ಎಂದು ಅದರ ಡಬ್ಬಿಯ ಮೇಲೆ ಅಚ್ಚಾಗಿತ್ತು. ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಸ್ ಎಂಬುದು ಒಳಗಿನ ಚೀಟಿಯಲ್ಲಿತ್ತು, ನಾನು ಓದಿರಲಿಲ್ಲ. ಮಾಸ್‌ಫೆಟ್ಟನ್ನು ತೆರೆದು ಮುಚ್ಚಲು ಅದರ ಗೇಟಿಗೆ ಹೋಗುವ ಪಲ್ಸು ಪರದೆಯ ಮೇಲೆ ಹೆಚ್ಚುಕಡಿಮೆ ಚೌಕಾಗಿ, ಶುಭ್ರವಾಗಿ ಕಂಡಿತ್ತು. ಅದನ್ನು ನಂಬಿ, ಡ್ರೈವರ್ ಭಾಗದಲ್ಲಿ ದೋಷವಿಲ್ಲ ಎಂದುಕೊಂಡಿದ್ದೆ.

ಮೂರನೇ ಸಲ ಆ ಬೋರ್ಡನ್ನು ಹುಬ್ಬಳ್ಳಿಯ ಗೆಳೆಯನ ವರ್ಕ್‌ಶಾಪಿಗೆ ಒಯ್ದೆ. ಅವನದು 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್, ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ತೆಗೆಯುವ ಸ್ಕೋಪ್. ಬೆಂಚಿನ ಮೇಲೆ ಕಡಿಮೆ ವೋಲ್ಟೇಜು ಕೊಟ್ಟು ಅದೇ ಜಾಗಕ್ಕೆ ಪ್ರೋಬ್ ಹಚ್ಚಿದೆವು. ಪಲ್ಸಿನ ಪ್ರತಿ ಅಂಚಿನಲ್ಲೂ ಗಂಟೆ ಬಾರಿಸಿದ ಮೇಲೆ ಉಳಿಯುವ ನಡುಕದಂತೆ ಅಲೆಗಳು ಏಳುತ್ತಿದ್ದವು, ಸುಮಾರು 80 ನ್ಯಾನೋಸೆಕೆಂಡಿಗೆ ಒಂದರಂತೆ. ನನ್ನ ಸ್ಕೋಪ್ ಸ್ಯಾಂಪಲ್ ತೆಗೆಯುತ್ತಿದ್ದುದು 1000 ನ್ಯಾನೋಸೆಕೆಂಡಿಗೆ ಒಂದು. ಎರಡು ಸ್ಯಾಂಪಲ್‌ಗಳ ನಡುವೆ ಹನ್ನೆರಡು ಅಲೆ ಎದ್ದು ಅಡಗಿದರೂ ಅದಕ್ಕೆ ಸುಳಿವು ಸಿಗುವಂತಿರಲಿಲ್ಲ. ಹಿಂದೆ ಯಾರೋ ಗೇಟಿನ ರೆಸಿಸ್ಟರ್ ಸುಟ್ಟಾಗ ಅಲ್ಲಿ ಬರೀ ತಂತಿ ಬೆಸೆದಿದ್ದರು. ಅದರಿಂದ ಜೋಡಿ ಮಾಸ್‌ಫೆಟ್ಟುಗಳಲ್ಲಿ ಮೇಲಿನ ಸ್ವಿಚ್ಚು ಮಿತಿಮೀರಿದ ವೇಗದಲ್ಲಿ ತೆರೆದು, ಆ ಕುಲುಕಿಗೆ ಕೆಳಗಿನದೂ ಕ್ಷಣಕಾಲ ತೆರೆದು, ಎರಡರ ನಡುವೆ ಶಾರ್ಟ್ ಆಗುತ್ತಿತ್ತು. ಹೊಸ ರೆಸಿಸ್ಟರ್ ಹಾಕಿದೆವು, ಪಂಪು ಓಡಿತು. ಆದರೆ ಅಷ್ಟರಲ್ಲಿ ಆ ಹೊಲಕ್ಕೆ ಎರಡು ವಾರ ನೀರು ತಪ್ಪಿತ್ತು.

ನಮ್ಮ ತಾಲೂಕುಗಳಲ್ಲಿ ಇಂಥ ಯಂತ್ರಗಳು ಹೆಚ್ಚುತ್ತಿವೆ. ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಗೆಳೆಯರ ಬೆಂಚಿನ ಮೇಲೂ ಈಗ ಸೋಲಾರ್ ಪಂಪಿನ ಕಂಟ್ರೋಲರು, ಮನೆಯ ಇನ್ವರ್ಟರು, ಗಿರಣಿಯ ಮೋಟಾರಿನ ಡ್ರೈವು, ಬ್ಯಾಟರಿ ಸ್ಪ್ರೇಯರಿನ ಚಾರ್ಜರು ಇರುತ್ತವೆ. ಇವುಗಳಲ್ಲಿ ಮಲ್ಟಿಮೀಟರು ಹೇಳುವುದು ಅರ್ಧ ಮಾತ್ರ. ಹಾಗಾಗಿ ಸ್ಕೋಪ್ ಕೊಳ್ಳುವವರು ಹೆಚ್ಚಾಗಿದ್ದಾರೆ, ಅದು ಒಳ್ಳೆಯದೇ. ಆದರೆ ಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟ್ ಸ್ಯಾಂಪಲ್ ತಗೀತೈತ್ರಿ?" ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬ್ಯಾಂಡ್‌ವಿಡ್ತ್.

ಸ್ಕೋಪಿನ ಮುಂಭಾಗದ ಸರ್ಕೀಟು ಎಷ್ಟು ವೇಗದ ಏರಿಳಿತವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದೇ ಬ್ಯಾಂಡ್‌ವಿಡ್ತ್. 100 ಮೆಗಾಹರ್ಟ್ಸ್ ಎಂದು ಬರೆದಿದ್ದರೆ, ಆ ವೇಗದ 10 ವೋಲ್ಟಿನ ಅಲೆ ಪರದೆಯ ಮೇಲೆ ಹೆಚ್ಚುಕಡಿಮೆ 7 ವೋಲ್ಟಾಗಿ ಕಾಣುತ್ತದೆ. ಅಂದರೆ ಬರೆದ ಅಂಕಿಯ ಹತ್ತಿರ ಹೋಗುವಷ್ಟರಲ್ಲೇ ಅಳತೆ ಸೋತಿರುತ್ತದೆ. ಚೌಕ ಪಲ್ಸಿನ ಅಂಚಿನಲ್ಲಿ ಮೂಲ ವೇಗದ ಮೂರು ಪಟ್ಟು, ಐದು ಪಟ್ಟು ವೇಗದ ಅಂಶಗಳು ಬೆರೆತಿರುತ್ತವೆ. ಅವು ಬಾಗಿಲಲ್ಲೇ ನಿಂತರೆ ಚೌಕ ದುಂಡಗಾಗುತ್ತದೆ. 0.35ನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿದರೆ ಆ ಸ್ಕೋಪ್ ತೋರಿಸಬಲ್ಲ ಅತಿ ಚುರುಕಿನ ಅಂಚು ಎಷ್ಟೆಂದು ಸಿಗುತ್ತದೆ: 50 ಮೆಗಾಹರ್ಟ್ಸ್‌ಗೆ 7 ನ್ಯಾನೋಸೆಕೆಂಡು, 100ಕ್ಕೆ 3.5. ನಮ್ಮ ಕಂಟ್ರೋಲರುಗಳ ಮಾಸ್‌ಫೆಟ್ಟಿನ ಅಂಚು ಹಲವು ಹತ್ತು ನ್ಯಾನೋಸೆಕೆಂಡುಗಳದು. ಸೆಕೆಂಡಿಗೆ ಕೆಲವೇ ಸಾವಿರ ಸಲ ತೆರೆದು ಮುಚ್ಚುವ ಸ್ವಿಚ್ಚಿಗೆ 50 ಮೆಗಾಹರ್ಟ್ಸ್ ಸ್ಕೋಪ್ ಯಾಕೆ ಎಂದು ಕೇಳುವವರಿಗೆ ಉತ್ತರ ಇದೇ. ಅದು ಎಷ್ಟು ಸಲ ತೆರೆಯುತ್ತದೆ ಎಂಬುದಕ್ಕಿಂತ ಎಷ್ಟು ಬೇಗ ತೆರೆಯುತ್ತದೆ ಎಂಬುದು ಮುಖ್ಯ.

ಹಾಗೆ ಒಳಗೆ ಬಂದದ್ದನ್ನು ಚುಕ್ಕೆಚುಕ್ಕೆಯಾಗಿ ಬರೆದುಕೊಳ್ಳುವ ವೇಗ ಸ್ಯಾಂಪಲ್ ರೇಟ್. ನಮ್ಮೂರ ಜಮಖಾನೆಯ ಮೇಲಿನ ನವಿಲನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ನೇಯುವ ಹೆಣ್ಣುಮಕ್ಕಳು ನವಿಲಿನ ಕೊರಳನ್ನು ಎಳೆ ಲೆಕ್ಕದ ಮೆಟ್ಟಿಲುಗಳಲ್ಲಿ ಮೂಡಿಸುತ್ತಾರೆ. ಎಳೆ ಒತ್ತಾಗಿದ್ದಷ್ಟೂ ಕೊರಳು ಕೊರಳಾಗಿ ಕಾಣುತ್ತದೆ. ಎಳೆ ತೀರಾ ವಿರಳವಾದರೆ ನವಿಲು ಕೋಳಿಯಾದೀತು. ಸ್ಕೋಪಿನಲ್ಲಿ ಆಗುವುದೂ ಹಾಗೆಯೇ, ಸ್ಯಾಂಪಲ್ ಸಾಲದಿದ್ದರೆ ಚಿತ್ರ ಮಸುಕಾಗುವುದಿಲ್ಲ, ಬೇರೆಯೇ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ. ಇದೇ ಅಪಾಯ.

ಅದನ್ನು ನಾನು ಕಂಡುಕೊಂಡದ್ದು ಧಾರವಾಡ ಆಕಾಶವಾಣಿಯಿಂದ. 1950ರಲ್ಲಿ ಶುರುವಾದ ಆ ನಿಲಯದ ಮೀಡಿಯಂ ವೇವ್ 765 ಕಿಲೋಹರ್ಟ್ಸ್ ಎಂಬುದು ಈ ಭಾಗದ ರೇಡಿಯೊ ರಿಪೇರಿಯವರಿಗೆ ಬಾಯಿಪಾಠ. ನಮ್ಮ ಕಾಕಾ ರೇಡಿಯೊ ಟ್ಯೂನ್ ಮಾಡುತ್ತಿದ್ದದ್ದೇ ಅದಕ್ಕೆ. ಅವರ ಹಳೆಯ ಆಂಟೆನಾ ಕಾಯಿಲನ್ನು ನನ್ನ ಸಣ್ಣ ಸ್ಕೋಪಿಗೆ ಹಚ್ಚಿ ಅದೇ ನಿಲಯವನ್ನು ಹಿಡಿದೆ. ಬಲ ತಗ್ಗಿದ ಅಲೆಯೊಂದು ಅಚ್ಚುಕಟ್ಟಾಗಿ ಮೂಡಿತು, ಎಣಿಸಿದರೆ 235 ಕಿಲೋಹರ್ಟ್ಸ್! ಅಂಥ ನಿಲಯವೇ ಇಲ್ಲ. ಸ್ಯಾಂಪಲ್ ರೇಟ್ 1000 ಕಿಲೋ, ಅದರಲ್ಲಿ 765 ಕಳೆಯಿರಿ, ಉಳಿಯುವುದು 235. ಸಿನಿಮಾದಲ್ಲಿ ಮುಂದೆ ಓಡುವ ಚಕ್ಕಡಿಯ ಗಾಲಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಇದು.

ಅಲೆಯ ಅತಿ ವೇಗದ ಅಂಶಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸ್ಯಾಂಪಲ್ ಬೇಕೆಂಬ ಲೆಕ್ಕದ ಬೇರು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬರೆದ ಪ್ರಬಂಧದಲ್ಲಿದೆ; ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತವಾಗಿ ನಿಲ್ಲಿಸಿದರು. ಆದರೆ ಸ್ಕೋಪಿನ ಬಾಗಿಲು ಒಮ್ಮೆಗೇ ಮುಚ್ಚುವುದಿಲ್ಲ, ಬ್ಯಾಂಡ್‌ವಿಡ್ತ್ ಮೀರಿದ ವೇಗವೂ ಸ್ವಲ್ಪಸ್ವಲ್ಪ ನುಸುಳುತ್ತದೆ. ಆದ್ದರಿಂದ ಕೆಲಸಕ್ಕೆ ಬ್ಯಾಂಡ್‌ವಿಡ್ತಿನ ಎರಡೂವರೆ ಪಟ್ಟು ಕನಿಷ್ಠ. ನಾಲ್ಕೈದು ಪಟ್ಟು ಇದ್ದರೆ ನಿಶ್ಚಿಂತೆ.

ಇಲ್ಲಿಯೇ ಜಾಹೀರಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ಸೆಕೆಂಡಿಗೆ 100 ಕೋಟಿ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಬಹಳಷ್ಟು ಸಲ ಒಂದೇ ಚಾನೆಲ್ ಹಚ್ಚಿದಾಗಿನ ಮಾತು. ಎರಡು ಹಚ್ಚಿದರೆ ತಲಾ 50 ಕೋಟಿ, ನಾಲ್ಕೂ ಹಚ್ಚಿದರೆ ತಲಾ 25 ಕೋಟಿ. ಮೂರು ಫೇಸಿನ ಡ್ರೈವು ನೋಡುವವರು ಮೂರು ಚಾನೆಲ್ ಹಚ್ಚಲೇಬೇಕು, ಅವರಿಗೆ ಸಿಗುವುದು ಕಾಲುಭಾಗ. ಕೆಲವು ಡಬ್ಬಿಗಳ ಮೇಲೆ ಸಾವಿರಾರು ಕೋಟಿಯ ಅಂಕಿಯೂ ಇರುತ್ತದೆ. ಅದು ಒಂದೇ ಅಲೆ ಮತ್ತೆಮತ್ತೆ ಬರುವಾಗ ಚೂರುಚೂರು ಸೇರಿಸಿ ಕಟ್ಟಿದ ಲೆಕ್ಕ. ಒಂದೇ ಸಲ ಬಂದು ಮಾಸ್‌ಫೆಟ್ ಸುಟ್ಟು ಹೋಗುವ ಸ್ಪೈಕಿಗೆ ಅದು ಪ್ರಯೋಜನವಿಲ್ಲ.

ಮೆಮೊರಿಯನ್ನೂ ಕೇಳಿ. 10 ಸಾವಿರ ಚುಕ್ಕೆ ಹಿಡಿಯುವ ಸ್ಕೋಪಿನಲ್ಲಿ ಮೋಟಾರು ಏಳುವ ಒಂದು ಸೆಕೆಂಡನ್ನು ಪೂರ್ತಿ ಹಿಡಿಯಬೇಕೆಂದರೆ ಸ್ಯಾಂಪಲ್ ರೇಟ್ ತಾನಾಗಿ ಸೆಕೆಂಡಿಗೆ 10 ಸಾವಿರಕ್ಕೆ ಇಳಿಯುತ್ತದೆ, ಡಬ್ಬಿ ಏನೇ ಹೇಳಲಿ. 1 ಕೋಟಿ 20 ಲಕ್ಷ ಚುಕ್ಕೆ ಹಿಡಿಯುವ ಸ್ಕೋಪಿನಲ್ಲಿ ಅದೇ ಒಂದು ಸೆಕೆಂಡಿಗೆ 1 ಕೋಟಿ 20 ಲಕ್ಷ ಸ್ಯಾಂಪಲ್ ಉಳಿಯುತ್ತದೆ.

ನಮ್ಮಂಥ ತಾಲೂಕಿನ ಅಂಗಡಿಗೆ ನನ್ನ ತೀರ್ಮಾನ ಇಷ್ಟು: 50ರಿಂದ 100 ಮೆಗಾಹರ್ಟ್ಸ್, ಎಲ್ಲ ಚಾನೆಲ್ ಹಚ್ಚಿದಾಗಲೂ ತಲಾ 25 ಕೋಟಿಗೆ ಕಡಿಮೆಯಾಗದ ಸ್ಯಾಂಪಲ್, ಕೆಲವು ಲಕ್ಷಕ್ಕೆ ಕಡಿಮೆಯಿಲ್ಲದ ಮೆಮೊರಿ. 200, 350 ಮೆಗಾಹರ್ಟ್ಸ್‌ಗೆ ಸಾಲ ಮಾಡಬೇಕಿಲ್ಲ. ಉಳಿದ ಹಣದಲ್ಲಿ, ಅರ್ಥಿಂಗಿನ ಹಂಗಿಲ್ಲದೆ ಎರಡು ಬಿಂದುಗಳ ನಡುವಿನ ವೋಲ್ಟೇಜು ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ಕೊಳ್ಳಿ. ಸಾದಾ ಪ್ರೋಬಿನ ಕಪ್ಪು ಕ್ಲಿಪ್ಪು ಅರ್ಥಿಂಗಿಗೆ ಸೇರಿರುತ್ತದೆ, 230 ವೋಲ್ಟಿನ ಲೈನಿಗೆ ಅದನ್ನು ಚುಚ್ಚಿದರೆ ಸ್ಕೋಪ್ ಹೋಗುತ್ತದೆ, ಜೀವವೂ ಹೋಗಬಹುದು. ಪ್ರೋಬಿನ ಮೇಲಿನ ಸ್ವಿಚ್ಚನ್ನು 10 ಪಟ್ಟಿನಲ್ಲೇ ಇಡಿ. 1 ಪಟ್ಟಿಗೆ ತಂದರೆ ಎಂಥ ಸ್ಕೋಪೂ ಕೆಲವೇ ಮೆಗಾಹರ್ಟ್ಸ್‌ಗೆ ಕುಸಿಯುತ್ತದೆ.

ಅಂಗಡಿಯವರು ತಪ್ಪು ಕೊಂಡರೆ ನಷ್ಟ ಒಬ್ಬರಿಗೆ. ಐಟಿಐ, ಪಾಲಿಟೆಕ್ನಿಕ್ಕುಗಳು ತಪ್ಪು ಕೊಂಡರೆ ವರ್ಷವರ್ಷವೂ ಬರುವ ಹುಡುಗ ಹುಡುಗಿಯರು ಸುಳ್ಳು ಅಲೆಯನ್ನೇ ಖರೇ ಎಂದು ಕಲಿಯುತ್ತಾರೆ. ಆದ್ದರಿಂದ ಖರೀದಿ ಬರೆಯುವ ಗುರುಗಳಲ್ಲಿ ನನ್ನ ವಿನಂತಿ: ಟೆಂಡರಿನಲ್ಲಿ ಬರೀ "100 ಕೋಟಿ ಸ್ಯಾಂಪಲ್" ಎಂದು ಬರೆಯಬೇಡಿ, "ಎಲ್ಲ ಚಾನೆಲ್ ಚಾಲೂ ಇದ್ದಾಗ, ಒಮ್ಮೆಗೇ ಹಿಡಿದ ಅಲೆಗೆ, ಪ್ರತಿ ಚಾನೆಲಿಗೆ ಇಷ್ಟು" ಎಂದು ಬರೆಯಿರಿ. ಬ್ಯಾಂಡ್‌ವಿಡ್ತನ್ನು ಅದಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯಿರಿ.

ಸ್ಕೋಪ್ ಕೊಳ್ಳಲು ಹೋಗುವ ಗೆಳೆಯರೇ, ಕೈಯಲ್ಲಿ ನಿಮ್ಮದೇ ಒಂದು ಬೋರ್ಡು ಇರಲಿ. ಹಣ ಎಣಿಸುವ ಮೊದಲು ಎಲ್ಲ ಚಾನೆಲ್ ಹಚ್ಚಿಸಿ, ಪರದೆಯ ಮೇಲೆ ಆಗ ಬರುವ ಸ್ಯಾಂಪಲ್ ರೇಟ್ ಓದಿಕೊಳ್ಳಿ. ನೀವು ಹಣ ಕೊಡುತ್ತಿರುವುದು ಆ ಅಂಕಿಗೆ.