ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ: ಹಿರಿಯರು ಮತ್ತು ಸಿ.ಬಿ.ಡಿ. ಎಣ್ಣೆ

ವಯಸ್ಸಾದಂತೆ ಮೂರು ತೊಂದರೆಗಳು ಹೆಚ್ಚಿನ ಮನೆಗಳಿಗೆ ಬಂದೇ ಬರುತ್ತವೆ. ಮಂಡಿ ನೋವು, ನಿದ್ದೆ ಬಾರದಿರುವುದು ಮತ್ತು ಕಾರಣವಿಲ್ಲದ ಕಳವಳ. ಈ ಮೂರಕ್ಕೂ ಒಂದೇ ಮದ್ದು ಎಂದು ಹೇಳಿಕೊಂಡು ಈಗ ಮಾರಾಟವಾಗುತ್ತಿರುವುದು ಸಿ.ಬಿ.ಡಿ. ಎಣ್ಣೆ. ಅಮೆರಿಕದಲ್ಲಿರುವ ಮಗ ಸೂಟ್‌ಕೇಸಿನಲ್ಲಿ ತಂದುಕೊಡುತ್ತಾನೆ. ಇಲ್ಲವೇ ಮೊಮ್ಮಗಳು ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿಕೊಡುತ್ತಾಳೆ. 'ಇದು ಗಿಡಮೂಲಿಕೆ, ಏನೂ ಆಗುವುದಿಲ್ಲ' ಎಂಬ ಮಾತು ಬಾಟಲಿಯ ಜೊತೆಗೇ ಬರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಂದು 'ಅಯ್ಯೋ, ಗಾಂಜಾ!' ಎಂದು ಹೌಹಾರುವುದೂ ಸರಿಯಲ್ಲ.

ಏನಿದು ಸಿ.ಬಿ.ಡಿ.?

ಭಂಗಿ, ಗಾಂಜಾ, ಚರಸ್ ಎಲ್ಲವೂ ಒಂದೇ ಗಿಡದ ಮಕ್ಕಳು. ಆ ಗಿಡದಲ್ಲಿರುವ ನೂರಾರು ರಾಸಾಯನಿಕಗಳಲ್ಲಿ ಎರಡು ಮುಖ್ಯ. ಮತ್ತು ಬರಿಸುವುದು ಟಿ.ಎಚ್.ಸಿ.; ಮತ್ತು ಬರಿಸದ ಇನ್ನೊಂದು ಕ್ಯಾನಬಿಡಿಯಾಲ್, ಅಂದರೆ ಸಿ.ಬಿ.ಡಿ. ಇದರ ರಚನೆಯನ್ನು 1963ರಲ್ಲಿ ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಕೌಲಮ್ ಮತ್ತು ಸಂಗಡಿಗರು ಬಿಡಿಸಿಟ್ಟರು.

ನಮ್ಮ 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಬರುವುದಿಲ್ಲ. ಆದ್ದರಿಂದಲೇ 'ವಿಜಯಾ' ಎಂಬ ಹೆಸರಿನಲ್ಲಿ ಎಲೆಯ ಸಾರ ಆಯುರ್ವೇದ ಔಷಧವಾಗಿ ಮಾರಾಟವಾಗುತ್ತದೆ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಔಷಧ ನಿಯಮಗಳಲ್ಲಿ ಭಂಗಿಯನ್ನು ಆಯುರ್ವೇದದ ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿಯೇ ಸೇರಿಸಲಾಗಿದೆ. ಅದು ಸೇರಿದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ ಮೇಲೆ ಇರಬೇಕು. ಸ್ವಂತ ವೈದ್ಯಕ್ಕೆ ಇದು ಹೇಳಿಸಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಿಜವಾಗಿ ಯಾವುದಕ್ಕೆ ಗುಣ?

ಸಿ.ಬಿ.ಡಿ.ಗೆ ಗಟ್ಟಿ ಆಧಾರವಿರುವುದು ಮೂರ್ಛೆ ರೋಗದಲ್ಲಿ. ಮಕ್ಕಳಲ್ಲಿ ಆರಂಭವಾಗುವ ಎರಡು ತೀವ್ರ ಬಗೆಯ ಮೂರ್ಛೆ ರೋಗಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿ.ಬಿ.ಡಿ. ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಹಿರಿಯರ ಮಂಡಿ ನೋವಿನ ಕಥೆಯೇ ಬೇರೆ. ಡೆನ್ಮಾರ್ಕಿನಲ್ಲಿ ಕೈಬೆರಳುಗಳ ಸಂಧಿ ಸವೆತ ಮತ್ತು ಸೋರಿಯಾಸಿಸ್ ಸಂಧಿವಾತ ಇರುವವರಿಗೆ 12 ವಾರ ಸಿ.ಬಿ.ಡಿ. ಕೊಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧವಿಲ್ಲದ ಹುಸಿ ಗುಳಿಗೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ವಿಯೆನ್ನಾದಲ್ಲಿ ಮಂಡಿ ಸವೆತದವರಿಗೆ ಪ್ಯಾರಾಸಿಟಮಾಲ್ ಜೊತೆಗೆ ದಿನಕ್ಕೆ 600 ಮಿ.ಗ್ರಾಂ.ವರೆಗೆ ಕೊಟ್ಟರು. 2023ರಲ್ಲಿ ಬಂದ ಆ ವರದಿಯಲ್ಲೂ ಹೆಚ್ಚುವರಿ ಲಾಭ ಕಾಣಲಿಲ್ಲ. ನಿದ್ದೆ ಮತ್ತು ಕಳವಳದ ವಿಷಯದಲ್ಲಿ ಸಣ್ಣ ಪುಟ್ಟ ಅಧ್ಯಯನಗಳಿವೆಯೇ ಹೊರತು ಹಿರಿಯರಿಗೆ ಧೈರ್ಯವಾಗಿ ಬರೆದುಕೊಡುವಷ್ಟು ಪುರಾವೆ ಇಲ್ಲ.

ಅಪಾಯ ಎಲ್ಲಿದೆ?

ಎಪ್ಪತ್ತು ದಾಟಿದವರ ಮಾತ್ರೆ ಡಬ್ಬಿ ತೆರೆದರೆ ನಾಲ್ಕೈದು ಬಗೆಯ ಮಾತ್ರೆಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಹಲವನ್ನು ಲಿವರ್‌ನಲ್ಲಿರುವ ಕಿಣ್ವಗಳು ಕರಗಿಸುತ್ತವೆ. ಸಿ.ಬಿ.ಡಿ. ಆ ಕಿಣ್ವಗಳನ್ನೇ ತಡೆಯುತ್ತದೆ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ನುಂಗುವವರಿಗೆ ಇದರಿಂದ ರಕ್ತ ಅಗತ್ಯಕ್ಕಿಂತ ತೆಳುವಾಗಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ತೆಗೆದುಕೊಳ್ಳುವ ಕ್ಲೋಪಿಡೋಗ್ರೆಲ್‌ನದು ಇದಕ್ಕೆ ವಿರುದ್ಧ. ಅದು ಕಿಣ್ವದ ನೆರವಿನಿಂದಲೇ ಚುರುಕಾಗುವ ಮಾತ್ರೆಯಾದ್ದರಿಂದ ಅದರ ಕೆಲಸ ತಗ್ಗುವ ಸಾಧ್ಯತೆ ಇದೆ. ಫಿಟ್ಸ್‌ಗೆ ವಾಲ್‌ಪ್ರೋಯೇಟ್ ತೆಗೆದುಕೊಳ್ಳುವವರಲ್ಲಿ ಲಿವರ್‌ಗೆ ಪೆಟ್ಟು ಬೀಳುವ ಸಂಭವ ಹೆಚ್ಚು.

ಲಿವರ್ ಬಗ್ಗೆ ಇನ್ನೊಂದು ಮಾತು. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ 5 ಮಿ.ಗ್ರಾಂ.ನಂತೆ 4 ವಾರ ಕೊಟ್ಟ ಅಧ್ಯಯನವೊಂದು 2025ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ನೂರಕ್ಕೆ ಐದಾರು ಮಂದಿಯಲ್ಲಿ ಲಿವರ್ ಕಿಣ್ವ ಮಿತಿಗಿಂತ ಮೂರು ಪಟ್ಟು ಏರಿತ್ತು. ಅವರಿಗೆ ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು. ರಕ್ತ ಪರೀಕ್ಷೆಯಲ್ಲಷ್ಟೇ ತಿಳಿಯುತ್ತದೆ.

ಮೂರನೆಯದು ತೂಕಡಿಕೆ. ನಿದ್ದೆ ಮಾತ್ರೆಯ ಜೊತೆಗೆ ಇದೂ ಸೇರಿದರೆ, ರಾತ್ರಿ ಬಚ್ಚಲಿಗೆ ಹೋಗಲು ಎದ್ದವರು ಜೋಲಿ ಹೊಡೆದು ಬೀಳುತ್ತಾರೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರನ್ನು ಕಂಡ ಮನೆಯವರಿಗೆ ಅದು ಎಂತಹ ಸಂಕಟವೆಂದು ವಿವರಿಸಬೇಕಿಲ್ಲ.

ಬಾಟಲಿಯನ್ನು ನಂಬಬಹುದೇ?

ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಕೊಂಡ 84 ಸಿ.ಬಿ.ಡಿ. ಉತ್ಪನ್ನಗಳ ಪರೀಕ್ಷಾ ವರದಿ 2017ರಲ್ಲಿ ಪ್ರಕಟವಾಯಿತು. ಲೇಬಲ್ಲಿನಲ್ಲಿ ಬರೆದಷ್ಟು ಅಂಶ ಇದ್ದುದು 26ರಲ್ಲಿ ಮಾತ್ರ. 18ರಲ್ಲಿ ಮತ್ತು ಬರಿಸುವ ಟಿ.ಎಚ್.ಸಿ. ಸಿಕ್ಕಿತು. ನಮ್ಮಲ್ಲಿ ಕೆಲವು ಬಾಟಲಿಗಳ ಮೇಲೆ 'ವಿಜಯಾ ಸಾರ ಇಷ್ಟು' ಎಂದಿರುತ್ತದೆ, ಅದರಲ್ಲಿ ಸಿ.ಬಿ.ಡಿ. ಎಷ್ಟು, ಟಿ.ಎಚ್.ಸಿ. ಎಷ್ಟು ಎಂದಿರುವುದಿಲ್ಲ. ಪ್ರತಿ ಮಿ.ಲೀ.ಗೆ ಎರಡರ ಪ್ರಮಾಣವನ್ನೂ ಅಚ್ಚು ಹಾಕದ ಬಾಟಲಿಯ ಮಾರಾಟಕ್ಕೆ ಅವಕಾಶವೇ ಇರಬಾರದೆಂಬುದು ನನ್ನ ಅಭಿಪ್ರಾಯ. ಅಂದಹಾಗೆ, 2021ರಲ್ಲಿ ಆಹಾರವಾಗಿ ಅನುಮತಿ ಪಡೆದ ಸೆಣಬು ಬೀಜದ ಎಣ್ಣೆ, ಅಂದರೆ ಹೆಂಪ್ ಸೀಡ್ ಎಣ್ಣೆ, ಬೇರೆಯೇ ಪದಾರ್ಥ. ಅದರಲ್ಲಿ ಸಿ.ಬಿ.ಡಿ. ಇಲ್ಲವೆನ್ನುವಷ್ಟು ಕಡಿಮೆ.

ಬಳಸಲೇಬೇಕೆಂದರೆ

* ಮೊದಲು ವೈದ್ಯರಿಗೆ ಹೇಳಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಜೊತೆಗೆ ಈ ಬಾಟಲಿಯನ್ನೂ ತಂದು ತೋರಿಸಿ.

* ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2023ರಲ್ಲಿ ಆರೋಗ್ಯವಂತ ವಯಸ್ಕರಿಗೆ ಹೇಳಿದ ಮಿತಿ ದಿನಕ್ಕೆ 10 ಮಿ.ಗ್ರಾಂ. ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರ ಸಲಹೆಯಿಲ್ಲದೆ ಬಳಸಬಾರದೆಂದೂ ಅದು ಹೇಳಿದೆ. ಈ ಲೆಕ್ಕದಲ್ಲಿ ನಮ್ಮ ಹಿರಿಯರಲ್ಲಿ ಬಹುತೇಕರು ತಾವಾಗಿಯೇ ಶುರು ಮಾಡುವಂತಿಲ್ಲ.

* ಲಿವರ್ ಪರೀಕ್ಷೆಯನ್ನು ಆರಂಭಕ್ಕೆ ಮುಂಚೆ ಒಮ್ಮೆ, ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ವಾರ್ಫರಿನ್ ತೆಗೆದುಕೊಳ್ಳುವವರು ಬಳಸದಿರುವುದೇ ಲೇಸು.

* ಜಿಡ್ಡಿನ ಊಟದೊಂದಿಗೆ ತೆಗೆದುಕೊಂಡರೆ ಇದು ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆ. ಒಂದು ದಿನ ಬರೀ ಹೊಟ್ಟೆಗೆ, ಇನ್ನೊಂದು ದಿನ ಹೋಳಿಗೆ ತುಪ್ಪದ ಮೇಲೆ ಎಂದಾಗಬಾರದು.

* ವಿದೇಶ ಪ್ರಯಾಣದಲ್ಲಿ ಜೊತೆಗಿಟ್ಟುಕೊಳ್ಳಬೇಡಿ. ಅಮೆರಿಕದ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿದ್ದು ದುಬೈ ಅಥವಾ ಸಿಂಗಪುರದ ವಿಮಾನ ನಿಲ್ದಾಣದಲ್ಲಿ ಜೈಲಿಗೆ ದಾರಿಯಾಗಬಹುದು.

* ಮಂಪರು, ಗೊಂದಲದ ಮಾತು, ಕಣ್ಣು ಹಳದಿಯಾಗುವುದು, ಎಲ್ಲಿಯಾದರೂ ರಕ್ತ ಬರುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ವೈದ್ಯರಿಗೂ ಒಂದು ಮಾತು

ಹಿರಿಯರು ಈ ಎಣ್ಣೆಯ ಕಡೆ ಹೋಗುವುದು ಚಪಲದಿಂದಲ್ಲ. ನೋವಿನ ಮಾತ್ರೆ ದಿನವೂ ನುಂಗಿದರೆ ಮೂತ್ರಪಿಂಡ ಕೆಡುತ್ತದೆ ಎಂದು ನಾವೇ ಹೆದರಿಸಿದ್ದೇವೆ. 'ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ' ಎಂದು ಎರಡು ನಿಮಿಷದಲ್ಲಿ ಕಳಿಸಿದರೆ ಅವರು ಇನ್ನೆಲ್ಲಿಗೆ ಹೋಗಬೇಕು? ಗದರಿದರೆ ಬಚ್ಚಿಡುತ್ತಾರೆ. ಬಚ್ಚಿಟ್ಟು ಕುಡಿದ ಹನಿಯೇ ಹೆಚ್ಚು ಅಪಾಯ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಸಂಜೆಯ ಕಾಫಿ ಬಿಡುವುದು, ಮಧ್ಯಾಹ್ನದ ನಿದ್ದೆ ಮೊಟಕು ಮಾಡುವುದು, ಇವನ್ನು ಕುಳಿತು ಹೇಳುವ ವ್ಯವಧಾನ ನಮಗಿರಬೇಕು. ಇವಕ್ಕೆ ಎಣ್ಣೆಗಿಂತ ಹೆಚ್ಚಿನ ಆಧಾರವಿದೆ, ಖರ್ಚೂ ಇಲ್ಲ.

ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಬಾಟಲಿಯನ್ನು ಎಸೆಯಿರಿ ಎಂದು ಹೇಳುವುದಿಲ್ಲ. ಅದರ ಮುಚ್ಚಳ ತೆಗೆಯುವ ಮುನ್ನ ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ ಎನ್ನುತ್ತೇನೆ.