ಮೂವತ್ತಾರು ಚಿತ್ರಗಳ ಒಂದು ಹಗಲು

ನನ್ನ ಮಿತ್ರರೊಬ್ಬರು ನಿವೃತ್ತ ವಿಜ್ಞಾನ ಶಿಕ್ಷಕರು. ಅವರು ಇಂದಿಗೂ ಫಿಲಂ ಕ್ಯಾಮೆರಾದಲ್ಲಿಯೇ ಚಿತ್ರ ತೆಗೆಯುತ್ತಾರೆ. ಅಂಗೈಯಗಲದ ಮೊಬೈಲಿನಲ್ಲಿ ಸಾವಿರ ಚಿತ್ರಗಳನ್ನು ಪುಕ್ಕಟೆಯಾಗಿ ತೆಗೆಯಬಹುದಾದ ಈ ಕಾಲದಲ್ಲಿ ಹಣ ತೆತ್ತು ಮೂವತ್ತಾರೇ ಚಿತ್ರಗಳನ್ನು ಪಡೆಯುವ ಅವರ ಹವ್ಯಾಸವನ್ನು ನಾನು ಬಹುಕಾಲ ಗೇಲಿ ಮಾಡಿದ್ದೇನೆ. ಒಂದು ದಿನ ಅವರೊಡನೆ ಮಲ್ಪೆಗೆ ಹೋಗಿಬಂದ ಮೇಲೆ ಆ ಗೇಲಿ ನಿಂತಿತು. ಏಕೆ ನಿಂತಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮಲ್ಪೆ ಉಡುಪಿಗೆ ಸಮೀಪದಲ್ಲಿರುವ ಮೀನುಗಾರಿಕೆಯ ಬಂದರು. ಮೇ ತಿಂಗಳ ಒಂದು ಮುಂಜಾನೆ ನಾವು ಬಸ್ಸಿಳಿದಾಗ ಇನ್ನೂ ಚೆನ್ನಾಗಿ ಬೆಳಕು ಹರಿದಿರಲಿಲ್ಲ. ಒಂದು ಅಂಗಡಿಯ ಮಾಡಿನ ಕೆಳಗೆ ನಿಂತು ಮಿತ್ರರು ಕ್ಯಾಮೆರಾದ ಬೆನ್ನು ತೆರೆದು ಹೊಸ ಫಿಲಂ ಸುರುಳಿಯನ್ನು ಏರಿಸಿದರು. ಬಳಿಕ ಸನ್ನೆಗೋಲನ್ನು ಎಳೆಯುತ್ತ, ಇನ್ನೊಂದು ಬದಿಯ ಗುಂಡಿ ತಿರುಗುತ್ತಿದೆಯೇ ಎಂದು ಎರಡೆರಡು ಸಲ ನೋಡಿಕೊಂಡರು. ಫಿಲಮಿನ ಅಂಚಿನ ರಂಧ್ರಗಳು ಹಲ್ಲುಗಳಿಗೆ ಸರಿಯಾಗಿ ಸಿಕ್ಕದಿದ್ದರೆ ಎಣಿಕೆಯ ಮುಳ್ಳು ಮುಂದೆ ಹೋಗುತ್ತದೆ, ಫಿಲಂ ಮಾತ್ರ ಇದ್ದಲ್ಲಿಯೇ ಇರುತ್ತದೆ. ಹಿಂದೊಮ್ಮೆ ತಮ್ಮ ತಂಗಿಯ ಮದುವೆಯನ್ನೆಲ್ಲ ಅವರು ಹೀಗೆ ಕಳೆದುಕೊಂಡಿದ್ದರಂತೆ. ಆ ತಂಗಿ ಈಗ ಅಜ್ಜಿಯಾಗಿದ್ದಾರೆ. ಅಣ್ಣನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

“ಇದರೊಳಗಿರುವುದು ಬೆಳ್ಳಿ, ಮಾಸ್ಟ್ರೇ” ಎಂದರು ಮಿತ್ರರು. ಫಿಲಮಿನ ಮೇಲೆ ಬೆಳ್ಳಿಯ ಲವಣದ ಸೂಕ್ಷ್ಮ ಕಣಗಳ ಲೇಪವಿರುತ್ತದೆ. ಬೆಳಕು ತಾಗಿದ ಕಣಗಳಲ್ಲಿ ಕಣ್ಣಿಗೆ ಕಾಣದ ಒಂದು ಬದಲಾವಣೆಯಾಗುತ್ತದೆ. ಬಿಂಬ ಆಗಲೇ ಅಲ್ಲಿ ಮೂಡಿದ್ದರೂ ತಕ್ಕ ರಾಸಾಯನಿಕ ದ್ರಾವಣದಲ್ಲಿ ಅದ್ದುವತನಕ ಯಾರಿಗೂ ಗೋಚರಿಸದು. ಚಲನಚಿತ್ರಕ್ಕಾಗಿ ಬಳಸುತ್ತಿದ್ದ 35 ಮಿಲಿಮೀಟರಿನ ಇಂಥ ಫಿಲಮನ್ನು ಅಂಗೈಗೆ ಒಗ್ಗುವ ಚಿಕ್ಕ ಕ್ಯಾಮೆರಾಕ್ಕೆ ಅಳವಡಿಸಿದವನು ಜರ್ಮನಿಯ ಆಸ್ಕರ್ ಬಾರ್ನಾಕ್. ಅವನ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು.

ಧಕ್ಕೆಗೆ ಹೋದಾಗ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬುಟ್ಟಿಬುಟ್ಟಿಯಾಗಿ ಬಂಗುಡೆ, ಬೂತಾಯಿ ಇಳಿಯುತ್ತಿದ್ದವು. ಮಂಜುಗಡ್ಡೆ ಪುಡಿಮಾಡುವ ಸದ್ದು, ಹರಾಜಿನ ಕೂಗು, ಮೇಲೆ ಸುತ್ತುವ ಗರುಡಗಳು. ಅಲ್ಲಿ ಎತ್ತ ತಿರುಗಿದರೂ ಚಿತ್ರವೇ. ಆದರೆ ನನ್ನ ಮಿತ್ರರು ಎರಡು ಗಂಟೆಗಳಲ್ಲಿ ತೆಗೆದುದು ಮೂರೇ ಮೂರು. ಉಳಿದ ಹೊತ್ತೆಲ್ಲ ಅವರು ಸುಮ್ಮನೆ ನೋಡುತ್ತಿದ್ದರು. ನೆರಳು ಎಲ್ಲಿ ಬೀಳುತ್ತದೆ, ಬುಟ್ಟಿ ಹೊತ್ತವರು ಯಾವ ದಾರಿಯಿಂದ ಬರುತ್ತಾರೆ ಎಂಬುದನ್ನು ಅವರು ನೋಡಿದ ಬಗೆಯನ್ನು ಕಂಡು, ನಾನು ಆ ಧಕ್ಕೆಯನ್ನು ನೋಡಿಯೇ ಇಲ್ಲವೆಂದು ನನಗೆ ಅನ್ನಿಸಿತು.

ಒಂದು ಮೂಲೆಯಲ್ಲಿ ಮಹಿಳೆಯೊಬ್ಬರು ಮೀನು ವಿಂಗಡಿಸುತ್ತ ಕುಳಿತಿದ್ದರು. ಓರೆಯಾಗಿ ಬಿದ್ದ ಎಳೆಬಿಸಿಲು ಅವರ ಮುಖದ ಒಂದೊಂದು ಗೆರೆಯನ್ನೂ ಎತ್ತಿ ತೋರಿಸುತ್ತಿತ್ತು. ಮಿತ್ರರು ಕ್ಯಾಮೆರಾ ಎತ್ತಿದರು. ಆಕೆ ಅದನ್ನು ಕಂಡವರೇ ಸೆರಗನ್ನು ಮುಖಕ್ಕೆ ಎಳೆದುಕೊಂಡು ತುಳುವಿನಲ್ಲಿ ಗದರಿದರು: “ನಮ್ಮ ಪಟ ತೆಗೆದು ನಿಮಗೇನಾಗಬೇಕು? ನಿನ್ನೆ ಯಾರೋ ತೆಗೆದರು, ಮೊನ್ನೆ ಯಾರೋ ತೆಗೆದರು. ಒಂದಾದರೂ ನಮ್ಮ ಕೈಗೆ ಬಂತೇ?”

ಮಿತ್ರರು ಕ್ಯಾಮೆರಾ ಇಳಿಸಿ, “ತೆಗೆಯಲಿಲ್ಲ ಅಕ್ಕಾ, ಕೇಳದೆ ಎತ್ತಿದ್ದು ತಪ್ಪಾಯಿತು” ಎಂದರು. ಅವರ ಹಿಂದೆಯೇ ನಾನು ನಿಂತಿದ್ದೆ. ಮೊಬೈಲು ನನ್ನ ಜೇಬಿನಲ್ಲಿತ್ತು. ಅದರೊಳಗೆ ಅದೇ ಮುಖದ ನಾಲ್ಕು ಚಿತ್ರಗಳು ಆಗಲೇ ಸೇರಿದ್ದವು. ಸದ್ದಾಗಿರಲಿಲ್ಲ, ಯಾರೂ ನೋಡಿರಲಿಲ್ಲ. ತೆಗೆಯದವರು ಬೈಸಿಕೊಂಡರು, ತೆಗೆದವನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಸತ್ಯ ಹೇಳಿರೆಂದು ಬೋಧಿಸಿದವನು ನಾನು.

ಮಿತಿಯಿರುವಾತನು ಚಿತ್ರ ತೆಗೆಯುವ ಮೊದಲು ಯೋಚಿಸಬೇಕಾಗುತ್ತದೆ. ಇದು ತಕ್ಕುದೇ, ಇವರ ಒಪ್ಪಿಗೆಯಿದೆಯೇ ಎಂದು ಕೇಳಿಕೊಳ್ಳಲು ಅವನಿಗೆ ಒಂದು ಕ್ಷಣ ದೊರೆಯುತ್ತದೆ. ಮಿತಿಯಿಲ್ಲದವನು ಮೊದಲು ತೆಗೆದು ಆಮೇಲೆ ಯೋಚಿಸೋಣವೆನ್ನುತ್ತಾನೆ. ಆ ‘ಆಮೇಲೆ’ ಬರುವುದೇ ಇಲ್ಲ.

ಹಾಗೆಂದು ಮೊಬೈಲನ್ನು ಹಳಿಯಲು ನಾನು ಸಿದ್ಧನಿಲ್ಲ. ನನ್ನ ಅಜ್ಜಿ ಹೇಗಿದ್ದರೆಂದು ನನ್ನ ಮೊಮ್ಮಕ್ಕಳು ಕೇಳಿದರೆ ತೋರಿಸಲು ಒಂದು ಚಿತ್ರವೂ ಇಲ್ಲ. ಸ್ಟುಡಿಯೋಕ್ಕೆ ಹೋಗುವಷ್ಟು ಹಣ ಆ ಕಾಲದಲ್ಲಿ ನಮ್ಮಂಥವರ ಮನೆಗಳಲ್ಲಿರಲಿಲ್ಲ. ಇಂದು ಬಡವರ ಮನೆಯ ಅಜ್ಜಿಯ ನಗುವೂ ಉಳಿಯುತ್ತದೆ. ಇದು ಸಣ್ಣ ಉಪಕಾರವಲ್ಲ. ಫಿಲಮೋ, ಈಗ ದುಬಾರಿಯ ವಸ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ 1967ರಿಂದ ‘ಇಂದು’ ಎಂಬ ಹೆಸರಿನ ಫಿಲಮನ್ನು ದೇಶಕ್ಕೆಲ್ಲ ಒದಗಿಸುತ್ತಿತ್ತು, ಅದು ಮುಚ್ಚಿಹೋಗಿದೆ. ಅಲ್ಲದೆ ಕೈಯಲ್ಲಿ ಫಿಲಂ ಇದ್ದ ಮಾತ್ರಕ್ಕೆ ಸಭ್ಯತೆ ಬರುತ್ತದೆಂದೂ ಅಲ್ಲ. ಆ ಮಹಿಳೆಯ ಸಿಟ್ಟು ಮೊಬೈಲಿಗಿಂತ ಹಳೆಯದಿರಬೇಕು.

ಮಧ್ಯಾಹ್ನದ ಬಿಸಿಲಿಗೆ ನಾವು ಒಂದು ಚಪ್ಪರದ ನೆರಳು ಸೇರಿದೆವು. ಅಲ್ಲಿ ವೃದ್ಧರೊಬ್ಬರು ಬಲೆಯ ಹರುಕನ್ನು ಹೆಣೆಯುತ್ತಿದ್ದರು. ತಾವು ಹುಡುಗನಾಗಿದ್ದಾಗ ರಂಪಣಿ ಬಲೆ ಎಳೆದುದನ್ನು ಅವರು ಬಣ್ಣಿಸಿದರು. ಮೀನಿನ ಹಿಂಡು ದಡದ ಬಳಿಗೆ ಬರುವತನಕ ಕಾದಿದ್ದು, ಊರಿನವರೆಲ್ಲ ಕೂಡಿ ದಡದಿಂದಲೇ ಎಳೆದು, ಬಂದುದನ್ನು ಹಂಚಿಕೊಳ್ಳುತ್ತಿದ್ದರಂತೆ. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ಬೋಟುಗಳು ಪರ್ಸೀನ್ ಬಲೆಗಳನ್ನು ಹೊತ್ತು, ಮೀನಿದ್ದಲ್ಲಿಗೇ ಹೋಗಿ ಸುತ್ತುವರಿದು ಬಾಚತೊಡಗಿದ ಮೇಲೆ ರಂಪಣಿ ಹಿಂದೆ ಸರಿಯಿತು. “ಕಾಯುವವರಿಗೆ ಏನೂ ಉಳಿಯಲಿಲ್ಲ” ಎಂದರು ಆ ವೃದ್ಧರು. ನನ್ನ ಕೈ ತಾನಾಗಿ ಜೇಬನ್ನು ಮುಟ್ಟಿಕೊಂಡಿತು.

ಮಿತ್ರರು ಅವರನ್ನು ಕೇಳಿದರು. ವೃದ್ಧರು ಒಪ್ಪಿ, ಅಂಗಿ ತೊಟ್ಟು, ತಲೆ ಬಾಚಿಕೊಂಡು ಕುಳಿತರು. ಒಂದೇ ಚಿತ್ರ. “ತೋರಿಸಿ” ಎಂದರು. ತೋರಿಸುವುದೆಲ್ಲಿಂದ! ಮೊಬೈಲಾಗಿದ್ದರೆ ಅಲ್ಲಿಯೇ ತೋರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಮಿತ್ರರು, “ತಂದುಕೊಡುತ್ತೇನೆ” ಎಂದು ಮಾತು ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡರು. ಸಂಜೆ ಮರಳುವಾಗ ಸುರುಳಿಯಲ್ಲಿ ಇನ್ನೂ ಐದು ಚಿತ್ರಗಳಿಗೆ ಎಡೆಯಿತ್ತು.

ಕೆಲವು ದಿನಗಳ ನಂತರ, ಕತ್ತಲು ಮಾಡಿದ ಅವರ ಬಚ್ಚಲುಮನೆಯ ಕೆಂಪು ದೀಪದಲ್ಲಿ, ತಟ್ಟೆಯ ದ್ರಾವಣದೊಳಗಿನ ಬಿಳಿಯ ಕಾಗದದ ಮೇಲೆ ಮೊದಲು ಬಲೆ, ಆಮೇಲೆ ಬೆರಳುಗಳು, ಕೊನೆಗೆ ಬಾಚಿದ ಆ ತಲೆ ನಿಧಾನವಾಗಿ ಮೂಡಿದುದನ್ನು ನಾನು ನೋಡಿದೆ.

ಜೂನ್ ತಿಂಗಳಲ್ಲಿ ಆ ಪ್ರತಿಯನ್ನು ಕೊಡಲು ಮಳೆಯಲ್ಲಿಯೇ ಮಲ್ಪೆಗೆ ಹೋದೆವು. ವೃದ್ಧರು ಅದನ್ನು ಕೈಯೊರೆಸಿಕೊಂಡು ತೆಗೆದುಕೊಂಡರು. ಆಕೆಗೆ ತೋರಿಸಿ, ಇರಿಸಿಕೊಳ್ಳಲೇ ಅಳಿಸಲೇ ಎಂದು ಕೇಳಬೇಕೆಂದು ನನ್ನ ನಾಲ್ಕು ಚಿತ್ರಗಳನ್ನೂ ನಾನು ಒಯ್ದಿದ್ದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಧಕ್ಕೆ ಬರಿದಾಗಿತ್ತು.

“ಆಗಸ್ಟಿನಲ್ಲಿ ಬನ್ನಿ, ಸಿಗುತ್ತಾಳೆ” ಎಂದರು ವೃದ್ಧರು.