ಸೂರು ಸಿಕ್ಕಿತು, ರಾತ್ರಿ ಪಾಳಿಯವರ ಬೆನ್ನಿಗೆ ಯಾರು?

ಕಾಸರಗೋಡು: 2025ರ ನವೆಂಬರ್ 1ರಂದು ಕೇರಳವನ್ನು ಕಡುಬಡತನ ಮುಕ್ತ ರಾಜ್ಯವೆಂದು ಘೋಷಿಸಲಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲು ಆರಂಭವಾದ ಯೋಜನೆಯಲ್ಲಿ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಕುಟುಂಬಕ್ಕೂ ಪ್ರತ್ಯೇಕ ಕಿರುಯೋಜನೆ ತಯಾರಿಸಲಾಗಿತ್ತು. ಘೋಷಣೆ ಎಷ್ಟು ಸರಿ ಎಂದು ಅರ್ಥಶಾಸ್ತ್ರಜ್ಞರೂ ವಿರೋಧ ಪಕ್ಷದವರೂ ಪ್ರಶ್ನಿಸಿದರು. ಚರ್ಚೆಯೆಲ್ಲ ಪಟ್ಟಿಯ ಸುತ್ತಲೇ ನಡೆಯಿತು: ಯಾರು ಸೇರಿದರು, ಯಾರು ಬಿಟ್ಟುಹೋದರು ಎಂದು. ಸೂರು ಸಿಕ್ಕಿದವರ ಬದುಕು ಮರುದಿನದಿಂದ ಹೇಗೆ ಸಾಗುತ್ತದೆ, ಅವರ ಜತೆಗೆ ಯಾರಿರುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ.

ಸಂಸಾರವಿದ್ದೂ ಮನೆಯಿಲ್ಲದವರಿಗೆ ಮನೆ ಕಟ್ಟಿಕೊಟ್ಟರೆ ದೊಡ್ಡ ಕಷ್ಟವೊಂದು ತೀರಿತು. ಆದರೆ ವರ್ಷಗಟ್ಟಲೆ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದ ಪ್ಲಾಟ್‌ಫಾರಂನಲ್ಲಿ, ಅಂಗಡಿ ಜಗಲಿಯಲ್ಲಿ ಮಲಗಿದ ಒಂಟಿ ಜೀವದ ಸಂಗತಿ ಬೇರೆ. ಔಷಧಿ ತಪ್ಪದಂತೆ ನೋಡಬೇಕು. ಬ್ಯಾಂಕ್ ಖಾತೆ, ಪಿಂಚಣಿ, ಆಧಾರ್ ಕಾರ್ಡಿಗೆ ಓಡಾಡಬೇಕು. ನಡುರಾತ್ರಿ ಬೆಚ್ಚಿ ಎದ್ದು ಕೂಗಿದರೆ ಸಮಾಧಾನ ಹೇಳಬೇಕು. ಬಿಟ್ಟ ಕುಡಿತ ಮತ್ತೆ ಅಂಟಿಕೊಂಡರೆ ಮನೆಯಿಂದ ಹೊರಗೆ ಹಾಕದೆ ದಾರಿ ಹುಡುಕಬೇಕು. ಹೀಗೆ ಮನೆಯ ಜತೆಗೆ ಮನುಷ್ಯರ ಆಸರೆಯೂ ಇರುವ ವ್ಯವಸ್ಥೆಯೇ ಬೆಂಬಲಿತ ವಸತಿ. ಆ ಆಸರೆಯ ಕೆಲಸ ಮಾಡುವವರು ಪಾಲಕರು, ಆರೈಕೆದಾರರು. ಇವರಲ್ಲಿ ಹೆಚ್ಚಿನವರು ಮಹಿಳೆಯರು. ಇವರನ್ನು ಮುನ್ನಡೆಸುವವರು ಯಾರು, ಹೇಗೆ ಎಂಬುದರ ಮೇಲೆಯೇ ಮನೆ ಮನೆಯಾಗಿ ಉಳಿಯುತ್ತದೆಯೇ ಎಂಬುದು ನಿಂತಿದೆ.

ಕಾನೂನು ಕೊಟ್ಟ ಹಕ್ಕು

2011ರ ಜನಗಣತಿ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಮಾನಸಿಕ ಕಾಯಿಲೆಯಿಂದ ಮನೆ ಬಿಟ್ಟು ಬಂದವರೂ ಇದ್ದಾರೆ, ಮನೆಯವರೇ ಬಿಟ್ಟುಬಿಟ್ಟವರೂ ಇದ್ದಾರೆ. ಬೀದಿಯಿಂದ ಆಸ್ಪತ್ರೆ ಸೇರಿದ ಇಂಥವರು ಗುಣವಾದ ಮೇಲೂ ಅಲ್ಲೇ ಉಳಿದುಬಿಡುವುದು ಹಳೆಯ ಸಮಸ್ಯೆ. ದಿ ಹನ್ಸ್ ಫೌಂಡೇಷನ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿದ್ದವರ ಪೈಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ವರ್ಷಕ್ಕೂ ಮೀರಿ ಅಲ್ಲೇ ಇದ್ದವರು.

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಸಮಾಜದ ನಡುವೆ ಬದುಕುವುದು ಅವರ ಹಕ್ಕು ಎಂದು 19ನೇ ಸೆಕ್ಷನ್ ಹೇಳುತ್ತದೆ. ಬೆಂಬಲಿತ ವಸತಿಯ ಏರ್ಪಾಡು ಮಾಡುವುದು ಸರಕಾರದ ಹೊಣೆ ಎಂಬುದೂ ಕಾಯಿದೆಯಲ್ಲಿದೆ. ಹಕ್ಕು ಕಾಗದದಲ್ಲಿದೆ. ಅದನ್ನು ದಿನನಿತ್ಯ ನಡೆಸಿಕೊಡಬೇಕಾದವರು ಮಾತ್ರ ತಿಂಗಳ ಸಂಬಳ ಕೈಸೇರುವುದೇ ಎಂದು ಕಾಯುವ ಪಾಲಕರು.

ವಾರಕ್ಕೆ 56 ಗಂಟೆ

ಲೆಕ್ಕ ತಪ್ಪಿರುವುದು ಎಲ್ಲಿ ಎಂದು ತಿಳಿಯಲು ನಗರ ವಸತಿಹೀನರ ಆಶ್ರಯ ತಾಣಗಳ ನಿಯಮವನ್ನೇ ನೋಡಬಹುದು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಒಂದು ತಾಣಕ್ಕೆ ಕನಿಷ್ಠ 3 ಪಾಲಕರು, 8 ಗಂಟೆಯ ಪಾಳಿ ಎಂದು ಹೇಳಿತ್ತು. ಕೇಳಲು ಸರಿಯಾಗಿಯೇ ಇದೆ. ಆದರೆ ವಾರಕ್ಕೆ 168 ಗಂಟೆ. ಮೂವರಿಗೆ ಹಂಚಿದರೆ ತಲಾ 56 ಗಂಟೆ. ಅಂದರೆ ವಾರದ ರಜೆಯೇ ಇಲ್ಲ. ವಾರಕ್ಕೆ 48 ಗಂಟೆ ಎಂಬ ಸಾಮಾನ್ಯ ಮಿತಿ ಪಾಲಿಸಬೇಕಾದರೂ ಮೂವರು ಸಾಲದು, ನಾಲ್ವರು ಬೇಕು. ಜ್ವರ, ಮದುವೆ, ಸಾವು, ಮಕ್ಕಳ ಪರೀಕ್ಷೆ ಎಲ್ಲರ ಮನೆಯಲ್ಲೂ ಉಂಟು. ಅದನ್ನೂ ಸೇರಿಸಿದರೆ ಐವರಿಲ್ಲದೆ ನಡೆಯದು.

'ಕನಿಷ್ಠ' ಎಂದು ಬರೆದದ್ದು ಕಡತದಲ್ಲಿ 'ಗರಿಷ್ಠ' ಆಗಿಬಿಡುವುದು ನಮ್ಮಲ್ಲಿ ಹೊಸತಲ್ಲ. ಆಗ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು 16 ಗಂಟೆ ನಿಲ್ಲಬೇಕು. ಹಾಗೆ ನಿಂತವರ ತಾಳ್ಮೆಗೂ ಒಂದು ಮಿತಿಯುಂಟು. ಕೂಗಾಡುವ ನಿವಾಸಿಯ ಜತೆ ಮೊದಲ ಗಂಟೆಯಲ್ಲಿ ಮಾತನಾಡುವ ರೀತಿಯೇ ಬೇರೆ, ಹದಿನೈದನೇ ಗಂಟೆಯಲ್ಲಿ ಮಾತನಾಡುವ ರೀತಿಯೇ ಬೇರೆ.

ಇಂಥ ಕೆಲಸಕ್ಕೆ ಸೇವೆ ಎಂಬ ಹೆಸರಿಟ್ಟು ಕೂಲಿ ತಗ್ಗಿಸುವ ಪದ್ಧತಿಯೂ ಉಂಟು. 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಆಶಾ ಕಾರ್ಯಕರ್ತೆಯರು ತಿಂಗಳುಗಟ್ಟಲೆ ಕುಳಿತದ್ದು ಇದೇ ಪ್ರಶ್ನೆಗಾಗಿ. ಅವರ ಗೌರವಧನ ಆಗ ತಿಂಗಳಿಗೆ 7,000 ರೂಪಾಯಿ. ಅಕ್ಟೋಬರ್ ಕೊನೆಗೆ 1,000 ರೂಪಾಯಿ ಹೆಚ್ಚಿಸುವ ಘೋಷಣೆಯಾಯಿತು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಸಂಘಟನೆಯಾದರೂ ಇದೆ. ನಾಲ್ಕು ಗೋಡೆಯೊಳಗೆ ಪಾಳಿ ಮಾಡುವ ಪಾಲಕಿಯ ದನಿ ಗೇಟು ದಾಟುವುದೇ ಕಷ್ಟ.

ಬೀಗದ ಕೈ ಯಾರಲ್ಲಿ?

ಸಿಬ್ಬಂದಿ ಸೋತರೆ ಆಗುವುದೇನು? ಅವರು ಕೆಲಸ ಬಿಡುತ್ತಾರೆ ಎನ್ನುವುದು ಅರ್ಧ ಉತ್ತರ. ಬಿಡಲಾಗದೆ ಉಳಿದವರು ಬೀಗ ಹಾಕಲು ಆರಂಭಿಸುತ್ತಾರೆ ಎನ್ನುವುದು ಉಳಿದ ಅರ್ಧ.

ರಾತ್ರಿ ಎರಡು ಗಂಟೆಯ ಹೊತ್ತನ್ನು ಊಹಿಸಿಕೊಳ್ಳಿ. ಪಾಲಕಿ ಒಬ್ಬಳೇ. ಒಬ್ಬ ನಿವಾಸಿ ಬಾಗಿಲು ತೆರೆದು ಹೊರಗೆ ಹೊರಟಿದ್ದಾಳೆ. ತಡೆಯಬೇಕೇ, ಜತೆಗೆ ಹೋಗಬೇಕೇ, ಹೋದರೆ ಒಳಗಿರುವವರನ್ನು ಯಾರು ನೋಡಬೇಕು? ಮೇಲಿನವರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಆಕೆ ಹೊರಗೆ ಹೋಗಿ ಏನಾದರೂ ಆದರೆ ನಾಳೆ ಬೆಳಗ್ಗೆ ಕೇಳುವ ಮೊದಲ ಪ್ರಶ್ನೆ "ನೀನೇನು ಮಾಡುತ್ತಿದ್ದೆ?" ಎಂದು. ಮರುದಿನದಿಂದ ಸಂಜೆ ಏಳಕ್ಕೇ ಬಾಗಿಲಿಗೆ ಬೀಗ ಬೀಳುತ್ತದೆ. ಬೀಗ ಹಾಕಿದವಳು ಕ್ರೂರಿಯಲ್ಲ, ಹೆದರಿದವಳು. ಆದರೆ ಆ ಸಂಜೆಯಿಂದ ಅದು ಮನೆಯಲ್ಲ, ಹೆಸರು ಬದಲಿಸಿದ ವಾರ್ಡು.

2022ರ ಫೆಬ್ರವರಿಯಲ್ಲಿ ಕೋಝಿಕ್ಕೋಡಿನ ಕುದಿರವಟ್ಟಂ ಸರಕಾರಿ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಮಹಾರಾಷ್ಟ್ರ ಮೂಲದ ಮಹಿಳೆಯೊಬ್ಬರು ಸಹನಿವಾಸಿಯ ಹಲ್ಲೆಯಿಂದ ಸಾವನ್ನಪ್ಪಿದರು. ಅದರ ಬೆನ್ನಿಗೇ ಕೆಲವರು ಅಲ್ಲಿಂದ ತಪ್ಪಿಸಿಕೊಂಡ ಸುದ್ದಿಯೂ ಬಂತು. ಸಿಬ್ಬಂದಿ ಕೊರತೆ ಚರ್ಚೆಯಾಯಿತು, ಹೈಕೋರ್ಟ್ ಮಧ್ಯಪ್ರವೇಶಿಸಿತು, ಭದ್ರತಾ ಸಿಬ್ಬಂದಿಯ ನೇಮಕಕ್ಕೆ ಸೂಚನೆ ಹೋಯಿತು. ಕಾವಲುಗಾರರು ಬೇಡವೆಂದಲ್ಲ. ಆದರೆ ದುರಂತವಾದಾಗಲೆಲ್ಲ ಮೊದಲು ನೆನಪಾಗುವುದು ಗೋಡೆ, ಗೇಟು, ಕಾವಲು. ಜತೆಗೆ ಕುಳಿತು ಮಾತನಾಡಬಲ್ಲ ಇನ್ನೊಬ್ಬರು ಇರಬೇಕಿತ್ತು ಎಂಬುದು ನೆನಪಾಗುವುದು ಆಮೇಲೆ.

ಬೀಗದ ಕೈ ನಿವಾಸಿಗಳ ಕೈಗೇ ಕೊಟ್ಟ ಉದಾಹರಣೆಗಳೂ ಇವೆ. ಫಿನ್ಲೆಂಡ್ 2008ರಿಂದ 'ಮೊದಲು ಮನೆ' ಎಂಬ ನೀತಿ ಹಿಡಿಯಿತು. ರಾಜಧಾನಿ ಹೆಲ್ಸಿಂಕಿಯಲ್ಲಿ ಸಾಲ್ವೇಷನ್ ಆರ್ಮಿ ನಡೆಸುತ್ತಿದ್ದ 250 ಹಾಸಿಗೆಗಳ ಆಶ್ರಯಧಾಮವನ್ನು ಸುಮಾರು 80 ಪುಟ್ಟ ಫ್ಲಾಟುಗಳಾಗಿ ಬದಲಿಸಲಾಯಿತು. ಅಲ್ಲಿದ್ದವರು ಬಾಡಿಗೆ ಕರಾರು ಹೊಂದಿದ ಒಕ್ಕಲುಗಳಾದರು. ಕಟ್ಟಡ ಬದಲಾದಾಗ ಸಿಬ್ಬಂದಿಯ ಕೆಲಸವೂ ಬದಲಾಗಲೇಬೇಕಾಯಿತು: ಕಾಯುವವರು ಬಾಗಿಲು ತಟ್ಟಿ ಒಪ್ಪಿಗೆ ಕೇಳುವವರಾಗಬೇಕಾಯಿತು.

ಐದು ಮಂದಿಯ ಮನೆ

ಅಷ್ಟು ದೂರ ಹೋಗಬೇಕಾಗಿಲ್ಲ. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಚೆನ್ನೈಯಲ್ಲಿ ಆರಂಭಿಸಿದ 'ದಿ ಬ್ಯಾನಿಯನ್' ಸಂಸ್ಥೆ ಬೀದಿಪಾಲಾದ ಮಾನಸಿಕ ಅಸ್ವಸ್ಥ ಮಹಿಳೆಯರ ಆರೈಕೆಗೆ ಹೆಸರಾದುದು. ಊರಿಗೆ ಮರಳಲಾಗದೆ ಉಳಿದವರಿಗಾಗಿ ಅದು 2015ರಲ್ಲಿ 'ಹೋಂ ಅಗೇನ್' ಯೋಜನೆಯನ್ನು ತಮಿಳುನಾಡು, ಕೇರಳ ಮತ್ತು ಅಸ್ಸಾಂನಲ್ಲಿ ಆರಂಭಿಸಿತು. ಸಾಮಾನ್ಯ ಬಡಾವಣೆಯಲ್ಲಿ, ಸಾಮಾನ್ಯ ಹಳ್ಳಿಯಲ್ಲಿ ಬಾಡಿಗೆ ಮನೆ. ಒಂದು ಮನೆಯಲ್ಲಿ ನಾಲ್ಕೈದು ಮಂದಿ. ಅಡುಗೆ, ಸಂತೆ, ಹಬ್ಬ ಎಲ್ಲ ಅವರದೇ ನಿರ್ಧಾರ. ಜತೆಗೆ ಸುತ್ತಮುತ್ತಲ ಊರುಗಳಿಂದಲೇ ಬಂದ ಆರೈಕೆದಾರರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಸಮುದಾಯ ಮಾನಸಿಕ ಆರೋಗ್ಯ ಮಾರ್ಗದರ್ಶಿಯಲ್ಲಿ ಇದನ್ನು ಉತ್ತಮ ಮಾದರಿಗಳಲ್ಲಿ ಒಂದಾಗಿ ಸೇರಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದೊಡ್ಡ ಡಿಗ್ರಿ ಇಲ್ಲದ, ಅಕ್ಕಪಕ್ಕದ ಊರಿನ ಹೆಂಗಸರು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಆದರೆ ತರಬೇತಿ, ಬೆನ್ನ ಹಿಂದೆ ಮನೋವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು ಇದ್ದರೆ ಮಾತ್ರ. ಮನೆಯ ಮಾದರಿಯನ್ನು ನಕಲು ಮಾಡಿ ಆ ಬೆಂಬಲವನ್ನು ಕೈಬಿಟ್ಟರೆ ಉಳಿಯುವುದು ಕಡಿಮೆ ಖರ್ಚಿನ ಹಾಸ್ಟೆಲ್.

ಮುಂದಾಳು ಮಾಡಬೇಕಾದುದು

ನಮ್ಮಲ್ಲಿ ಮೇಲ್ವಿಚಾರಣೆ ಎಂದರೆ ರಿಜಿಸ್ಟರ್ ನೋಡುವುದು, ಅಕ್ಕಿ ಚೀಲ ಎಣಿಸುವುದು, ದಾನಿಗಳು ಬಂದಾಗ ಅಂಗಳ ಗುಡಿಸಿದ್ದಾರೆಯೇ ಎಂದು ವಿಚಾರಿಸುವುದು. ಬೆಂಬಲಿತ ವಸತಿಯಲ್ಲಿ ಮುಂದಾಳುತನದ ಅರ್ಥ ಬೇರೆ.

ಮೊದಲನೆಯದು, ರಾತ್ರಿ ಫೋನ್ ಎತ್ತುವುದು. ಯಾವ ರಾತ್ರಿ ಯಾರಿಗೆ ಫೋನ್ ಮಾಡಬೇಕೆಂಬುದು ಗೋಡೆಯ ಮೇಲೆ ಬರೆದಿರಬೇಕು. ಎರಡನೆಯದು, ಪಾಲಕಿ ತಾನೇ ತೀರ್ಮಾನಿಸಬಹುದಾದದ್ದು ಯಾವುದು, ಕೇಳಿಯೇ ಮಾಡಬೇಕಾದದ್ದು ಯಾವುದು ಎಂಬ ಗೆರೆ ಸ್ಪಷ್ಟವಿರಬೇಕು. ಯಾರನ್ನೂ ಒಂಟಿಯಾಗಿ ಕೂಡಿಹಾಕುವಂತಿಲ್ಲ, ತನ್ನಿಷ್ಟದಂತೆ ಕಟ್ಟಿಹಾಕುವಂತಿಲ್ಲ ಎಂದು ಕಾಯಿದೆಯ 97ನೇ ಸೆಕ್ಷನ್ ಹೇಳುತ್ತದೆ. ಇದು ಆಕೆಗೂ ಗೊತ್ತಿರಬೇಕು. ಹಾಗಾದರೆ ಏನು ಮಾಡಬಹುದು ಎಂಬುದನ್ನೂ ಕಲಿಸಿರಬೇಕು. 'ಮಾಡಬೇಡ' ಎಂದಷ್ಟೇ ಹೇಳಿ ಕೈಬಿಡುವುದು ತರಬೇತಿಯಲ್ಲ.

ಮೂರನೆಯದು, ಕೆಟ್ಟದ್ದೇನಾದರೂ ನಡೆದರೆ ಆ ದಿನವೇ ಸಿಬ್ಬಂದಿಯ ಜತೆ ಕುಳಿತುಕೊಳ್ಳುವುದು. ಹಲ್ಲೆಯಾದಾಗ, ನಿವಾಸಿಯೊಬ್ಬರು ತೀರಿಕೊಂಡಾಗ "ಏನು ನಡೆಯಿತು?" ಎಂದು ಕೇಳುವ ಜಾಗ ಮತ್ತು "ಯಾರ ತಪ್ಪು?" ಎಂದು ಕೇಳುವ ಜಾಗ ಬೇರೆ ಬೇರೆ ಇರಬೇಕು. ಎರಡೂ ಒಂದೇ ಆದರೆ ಸಿಬ್ಬಂದಿ ಸತ್ಯ ಹೇಳುವುದನ್ನು ನಿಲ್ಲಿಸುತ್ತಾರೆ. ತಾಯಿಯಂತೆ ನೋಡಿಕೊಂಡ ಅಜ್ಜಿ ಸತ್ತರೆ ಆರೈಕೆದಾರರಿಗೂ ದುಃಖವಾಗುತ್ತದೆ. ಆ ಹಾಸಿಗೆಗೆ ಮರುದಿನವೇ ಹೊಸಬರನ್ನು ತಂದು "ಮುಂದಿನ ಕೆಲಸ ನೋಡು" ಎಂದರೆ ಆಕೆ ಇನ್ನು ಯಾರನ್ನೂ ಹಚ್ಚಿಕೊಳ್ಳಲಾರಳು.

ನಾಲ್ಕನೆಯದು, ಮುಂದಾಳು ತಿಂಗಳಿಗೊಮ್ಮೆಯಾದರೂ ರಾತ್ರಿ ಪಾಳಿಯಲ್ಲಿ ಕುಳಿತು ನೋಡುವುದು. ಹಗಲಿನ ಮನೆಯೇ ಬೇರೆ, ರಾತ್ರಿಯ ಮನೆಯೇ ಬೇರೆ. ಕಚೇರಿಯಿಂದ ಕಾಣುವುದು ಹಗಲಿನದು ಮಾತ್ರ.

ಇದರರ್ಥ ಸಿಬ್ಬಂದಿಯ ತಪ್ಪನ್ನೆಲ್ಲ ಮನ್ನಿಸಬೇಕೆಂದಲ್ಲ. ಕೈಯೆತ್ತಿದವರನ್ನು, ನಿವಾಸಿಗಳ ಪಿಂಚಣಿ ಹಣ ಮುಟ್ಟಿದವರನ್ನು ತಕ್ಷಣ ಹೊರಗಿಡಲೇಬೇಕು. ಆದರೆ ಒಳ್ಳೆಯವರನ್ನು ಉಳಿಸಿಕೊಳ್ಳದ ಸಂಸ್ಥೆಗೆ ಕೆಟ್ಟವರನ್ನು ಕಳಿಸುವ ಧೈರ್ಯವೂ ಇರುವುದಿಲ್ಲ. ಬದಲಿಗೆ ಜನ ಬೇಕಲ್ಲ?

ಗಡಿನಾಡಿನ ಇನ್ನೊಂದು ತೊಡಕು

ಕಾಸರಗೋಡು ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥರಿಗೆ ಆಸರೆ ನೀಡುವ ಸ್ನೇಹಾಲಯ ಇರುವುದು ಮಂಜೇಶ್ವರದಲ್ಲೇ. ಮುಂಬೈಯಿಂದ ಮಂಗಳೂರಿಗೆ, ಅಲ್ಲಿಂದ ದಕ್ಷಿಣಕ್ಕೆ ಹೋಗುವ ರೈಲುಗಳು ಎಲ್ಲೆಲ್ಲಿಯವರನ್ನೋ ಇಲ್ಲಿ ಇಳಿಸುತ್ತವೆ. ಹಾಗೆ ಸಿಕ್ಕಿದವರು ಮರಾಠಿ, ಹಿಂದಿ, ತೆಲುಗು, ಬಂಗಾಳಿ ಮಾತನಾಡಬಹುದು. ಇಲ್ಲಿಯ ಕನ್ನಡಿಗರು, ತುಳುವರು ಚೆನ್ನೈಯ ಅಥವಾ ತೃಶ್ಶೂರಿನ ಆಶ್ರಮದಲ್ಲಿ ತಮ್ಮ ಊರಿನ ಹೆಸರು ಅರ್ಥಮಾಡಿಸಲಾಗದೆ ಉಳಿಯಬಹುದು. ಮಾತು ತಿಳಿಯದಿದ್ದರೆ ಸಿಟ್ಟು ರೋಗದಂತೆ ಕಾಣುತ್ತದೆ, ಅಳು ಹಟದಂತೆ ಕಾಣುತ್ತದೆ.

ಕನ್ನಡ, ತುಳು, ಮಲೆಯಾಳ ಮೂರನ್ನೂ ಬಲ್ಲ ಹೆಂಗಸರು ಈ ಜಿಲ್ಲೆಯ ಪ್ರತಿ ಕುಟುಂಬಶ್ರೀ ಘಟಕದಲ್ಲಿ ಸಿಕ್ಕಾರು. ಅದನ್ನು ಒಂದು ಅರ್ಹತೆಯೆಂದು ಪರಿಗಣಿಸಿ, ಅದಕ್ಕೆ ಸಂಬಳ ಕೊಡುವ ಬುದ್ಧಿ ಬೇಕಾಗಿದೆ, ಅಷ್ಟೆ.

2025ರ ಫೆಬ್ರವರಿಯಲ್ಲಿ ನಗರ ವಸತಿಹೀನರ ಮೊಕದ್ದಮೆಯ ವಿಚಾರಣೆ ವೇಳೆ, ನಗರ ಬಡತನ ನಿವಾರಣೆಗೆ ಹೊಸ ಅಭಿಯಾನವನ್ನು ಅಂತಿಮಗೊಳಿಸಲಾಗುತ್ತಿದೆ ಎಂದು ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಇಂಥ ಯಾವುದೇ ಯೋಜನೆ ಬಂದರೂ ಎಷ್ಟು ಹಾಸಿಗೆ, ಎಷ್ಟು ಚದರ ಅಡಿ ಎಂಬ ಲೆಕ್ಕ ಇದ್ದೇ ಇರುತ್ತದೆ. ಅದರ ಕೆಳಗೆ ಇನ್ನು ಮೂರು ಸಾಲು ಸೇರಿದರೆ ಸಾಕು: ಒಂದು ಮನೆಗೆ ಐವರು ಪಾಲಕರು, ಅವರಿಗೆ ನಿಯಮಿತ ಸಂಬಳ, ರಾತ್ರಿ ಫೋನ್ ಎತ್ತುವ ಒಬ್ಬ ಮೇಲ್ವಿಚಾರಕ. ಈ ಸಾಲುಗಳಿಲ್ಲದ ಮನೆಯ ಉದ್ಘಾಟನೆಗೆ ಮಂತ್ರಿಗಳು ರಿಬ್ಬನ್ ಕತ್ತರಿಸಬಹುದು. ಸಂಜೆ ಏಳಕ್ಕೆ ಅದರ ಬಾಗಿಲಿಗೆ ಬೀಗ ಬೀಳುವುದನ್ನು ಯಾರೂ ತಡೆಯಲಾರರು.